ಅಂಜಿಕೆ ಅವಿಶ್ವಾಸವೇ?

ವಿಮಾನವು ರನ್‌ವೇಯ ತುದಿಗೆ ಬಂದು ನಿಂತು, ಎಂಜಿನ್‌ಗಳ ಸದ್ದು ಏಕಾಏಕಿ ಏರತೊಡಗಿದಾಗ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಳ್ಳುವ ಪ್ರಯಾಣಿಕರನ್ನು ನೀವು ಕಂಡಿರುತ್ತೀರಿ. ನೀವೇ ಅವರಲ್ಲಿ ಒಬ್ಬರಾಗಿರಲೂಬಹುದು. ಕೆಲವರು ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಕೆಲವರು ಕಿಟಕಿಯತ್ತ ನೋಡದೆ ಕಣ್ಣು ಮುಚ್ಚುತ್ತಾರೆ. ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ಕುಳಿತಿದ್ದರೂ ಆಸನದ ಕೈಯನ್ನು ಹಿಡಿದ ಬಿಗಿಯನ್ನು ಮಾತ್ರ ಸಡಿಲಿಸಿರುವುದಿಲ್ಲ. ಕೆಳಗಿಳಿದ ಮೇಲೆ ಯಾರೂ ಆ ಮಾತನ್ನೆತ್ತುವುದಿಲ್ಲ. ಹೆದರಿದೆವೆಂದು ಒಪ್ಪಿಕೊಳ್ಳಲು ಮನುಷ್ಯನಿಗೆ ನಾಚಿಕೆ. ವಿಶ್ವಾಸಿಗಳಾದ ನಮಗಂತೂ ಆ ನಾಚಿಕೆ ಇಮ್ಮಡಿ. ದೇವರನ್ನು ನಂಬಿದವನು ಹೆದರಬಾರದೆಂದು ಬಾಲ್ಯದಿಂದಲೂ ಕೇಳಿಕೊಂಡು ಬಂದವರು ನಾವು.

ಕೆಲವು ವರ್ಷಗಳ ಹಿಂದೆ ನನ್ನ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಇದೇ ಪ್ರಶ್ನೆಯನ್ನು ಹೊತ್ತು ಬಂದಿದ್ದರು. ಮಗಳು ಕೊಲ್ಲಿ ದೇಶದಲ್ಲಿ ದಾದಿ. ಚೊಚ್ಚಲ ಹೆರಿಗೆಗೆ ತಾಯಿ ಬರಬೇಕೆಂದು ಟಿಕೆಟ್ ಕಳುಹಿಸಿದ್ದಳು. "ಫಾದರ್, ನನಗೆ ಆಗುವುದೇ ಇಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದೆಲ್ಲ ಸುಳ್ಳಾ?" ಎಂದು ಕೇಳಿದರು. ವಿಮಾನದ ಮಾತು ಹಿಂದೆ ಸರಿದು, ಅರುವತ್ತು ವರ್ಷಗಳ ಪ್ರಾರ್ಥನೆಯ ಬೆಲೆಯೇ ಅಲ್ಲಿ ಪ್ರಶ್ನೆಯಾಗಿ ನಿಂತಿತ್ತು. ಅಂಜಿಕೆಯೂ ಅವಿಶ್ವಾಸವೂ ಒಂದೇ ಎಂದು ಯಾರೋ ಅವರಿಗೆ ಕಲಿಸಿದ್ದರು. ಬಹುಶಃ ಪ್ರಸಂಗಪೀಠದಿಂದಲೇ ಕಲಿಸಿರಬಹುದು.

ಈ ಪ್ರಶ್ನೆಯನ್ನು ಮೊದಲು ವಿಮಾನದೊಳಗೇ ಇಟ್ಟು ನೋಡೋಣ. ಹೆದರುವವರು ಹೆಚ್ಚಾಗಿ ಹೆದರುವುದು ಯಾವುದಕ್ಕೆ? ನೆಲಬಿಟ್ಟ ಕೆಲವು ಕ್ಷಣಗಳಲ್ಲಿ ಕಾಲ ಕೆಳಗೆ 'ದಡ್' ಎಂದು ಸದ್ದಾಗುತ್ತದೆ. ಅದು ಚಕ್ರಗಳು ಒಳಗೆ ಮಡಚಿಕೊಂಡು ಬಾಗಿಲು ಮುಚ್ಚಿಕೊಳ್ಳುವ ಸದ್ದು. ಸ್ವಲ್ಪ ಮೇಲೇರಿದ ಮೇಲೆ ಎಂಜಿನ್‌ಗಳ ಮೊರೆತ ಇದ್ದಕ್ಕಿದ್ದಂತೆ ತಗ್ಗುತ್ತದೆ, ವಿಮಾನ ಕುಸಿಯಿತೇನೋ ಎಂಬ ಭಾವನೆ ಹೊಟ್ಟೆಯಲ್ಲೇಳುತ್ತದೆ. ನೆಲಬಿಡುವಾಗ ಬೇಕಾದಷ್ಟು ಶಕ್ತಿ ಮೇಲೇರಲು ಬೇಡವಾದುದರಿಂದ ಪೈಲಟ್ ಅದನ್ನು ಇಳಿಸಿರುತ್ತಾರೆ, ಅಷ್ಟೆ. ಮೋಡಗಳ ನಡುವೆ ರೆಕ್ಕೆಗಳು ಮೇಲೆ ಕೆಳಗೆ ಬಾಗುವುದನ್ನು ಕಂಡು ಮುರಿದೇಹೋಗುತ್ತದೆಂದು ಭಾವಿಸುತ್ತೇವೆ. ಬಾಗುವಂತೆಯೇ ಅವನ್ನು ಕಟ್ಟಿದ್ದಾರೆ. ಗಾಳಿಗೆ ಬಾಗದ ಅಡಿಕೆ ಮರ ಉಳಿಯುವುದಿಲ್ಲವೆಂದು ತೋಟ ಇರುವವರಿಗೆ ಗೊತ್ತು. ಕುಲುಕಾಟದಲ್ಲಿ ಗಾಯಗೊಳ್ಳುವವರು ಬಹುಮಟ್ಟಿಗೆ ಸೊಂಟಪಟ್ಟಿ ಕಟ್ಟಿಕೊಳ್ಳದವರು.

ಇಷ್ಟೆಲ್ಲ ವಿವರಿಸಿ ಹೇಳಿದರೂ ಹೆದರುವವರ ಹೆದರಿಕೆ ಹೋಗುವುದಿಲ್ಲ. ಶರೀರಕ್ಕೆ ಅಂಕಿಸಂಖ್ಯೆ ಓದಲು ಬರುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯ ಪ್ರಯಾಣವೇ ವಿಮಾನದ ಪ್ರಯಾಣಕ್ಕಿಂತ ಅಪಾಯಕಾರಿ ಎಂದು ಎಲ್ಲರೂ ಬಲ್ಲರು. ಆದರೂ ಟ್ಯಾಕ್ಸಿಯಲ್ಲಿ ನಿದ್ರಿಸುತ್ತ ಬಂದವರು ವಿಮಾನದಲ್ಲಿ ಬೆವರುತ್ತಾರೆ. ಅಂತರಿಕ್ಷ ಯಾನದ ಕತೆಗಳನ್ನು ರಾಶಿ ರಾಶಿಯಾಗಿ ಬರೆದ ಅಮೆರಿಕದ ಲೇಖಕ ಐಸಾಕ್ ಅಸಿಮೋವ್ ವಿಮಾನ ಹತ್ತಲು ಹೆದರುತ್ತಿದ್ದರು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರಿಗೆ ರೆಕ್ಕೆ ಹೇಗೆ ವಿಮಾನವನ್ನು ಎತ್ತುತ್ತದೆಂಬುದು ತಿಳಿಯದ ವಿಷಯವೇನೂ ಆಗಿರಲಿಲ್ಲ. ಅಜ್ಞಾನವೊಂದೇ ಭಯದ ಮೂಲವಾಗಿದ್ದರೆ ಪಾಠ ಹೇಳಿಕೊಟ್ಟು ಮುಗಿಸಬಹುದಿತ್ತು. ಈ ಭಯದ ಬೇರು ಬೇರೆಡೆ ಇದೆ. ರಸ್ತೆಯಲ್ಲಿ 'ನಿಲ್ಲಿಸಪ್ಪಾ' ಎಂದು ಚಾಲಕನ ಭುಜ ತಟ್ಟಬಹುದು. ಆಕಾಶದಲ್ಲಿ ಮುಚ್ಚಿದ ಬಾಗಿಲ ಹಿಂದೆ, ಮುಖವನ್ನೇ ಕಾಣದ ಇಬ್ಬರ ಕೈಯಲ್ಲಿ ನಮ್ಮ ಪ್ರಾಣವಿರುತ್ತದೆ. ಪ್ರಾಣವನ್ನು ಪರರ ಕೈಗೆ ಒಪ್ಪಿಸುವ ಮನುಷ್ಯನಿಗೆ ನಡುಕ ಬಂದರೆ ಅದು ಅವನ ದೌರ್ಬಲ್ಯವೆನ್ನುವುದಕ್ಕಿಂತ ಅವನು ತನ್ನ ಸ್ಥಿತಿಯನ್ನು ಸರಿಯಾಗಿ ಅರಿತಿದ್ದಾನೆ ಎನ್ನುವುದೇ ಲೇಸು.

ಭಯಕ್ಕೆ ಕಾರಣವೇ ಕಣ್ಣೆದುರಿರುವ ಕೆಲವು ನಿಲ್ದಾಣಗಳಿವೆ. ನೇಪಾಳದ ಲುಕ್ಲಾ ಅಂಥದೊಂದು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1964ರಲ್ಲಿ ಶೆರ್ಪಾ ಜನರ ಆಸ್ಪತ್ರೆ ಮತ್ತು ಶಾಲೆಗಳ ಕೆಲಸಕ್ಕೆ ಸಾಮಾನು ಸಾಗಿಸುವ ಸಲುವಾಗಿ ಅದನ್ನು ಕಟ್ಟಿಸಿದರು. ನೆಲವನ್ನು ಗಟ್ಟಿಮಾಡಲು ಯಂತ್ರಗಳಿರಲಿಲ್ಲ. ಊರವರು ಸಾಲಾಗಿ ನಿಂತು, ಕಾಲು ಅಪ್ಪಳಿಸುವ ತಮ್ಮ ಕುಣಿತವನ್ನು ಕುಣಿಯುತ್ತಲೇ ಮಣ್ಣನ್ನು ತುಳಿದು ಹದಮಾಡಿದರು. ಹಾಗೆ ಹುಟ್ಟಿದ ಓಡುದಾರಿಯ ಉದ್ದ ಕೇವಲ 527 ಮೀಟರ್. ಸಮುದ್ರಮಟ್ಟದಿಂದ ಎತ್ತರ ಸುಮಾರು 2,845 ಮೀಟರ್. ಅದು ಸಮತಟ್ಟೂ ಅಲ್ಲ, ಸುಮಾರು ಶೇಕಡಾ 12ರಷ್ಟು ಏರಿದೆ. ಇಳಿಯುವ ವಿಮಾನ ಏರು ಹತ್ತುತ್ತ ನಿಲ್ಲುತ್ತದೆ. ಹೊರಡುವ ವಿಮಾನ ಇಳಿಜಾರಿನಲ್ಲಿ ಓಡಿ ಕಣಿವೆಯ ಮೇಲಿನ ಶೂನ್ಯಕ್ಕೆ ಹಾರುತ್ತದೆ. ಮೇಲಿನ ತುದಿಯಲ್ಲಿ ಬೆಟ್ಟದ ಗೋಡೆ. ಆದುದರಿಂದ ಇಳಿಯತೊಡಗಿದ ಪೈಲಟ್ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರುವಂತಿಲ್ಲ. ಬೇಡವೆನ್ನುವುದಿದ್ದರೆ ಬಹಳ ಮೊದಲೇ ಬೇಡವೆನ್ನಬೇಕು. 2008ರ ಅಕ್ಟೋಬರ್‌ನಲ್ಲಿ ಮಂಜು ಕವಿದ ಬೆಳಗ್ಗೆ ಅಲ್ಲಿ ಇಳಿಯಲೆತ್ನಿಸಿದ ಸಣ್ಣ ವಿಮಾನವೊಂದು ಅಪ್ಪಳಿಸಿ 18 ಮಂದಿ ತೀರಿಕೊಂಡರು.

ಭೂತಾನದ ಪಾರೊ ನಿಲ್ದಾಣಕ್ಕೆ ಬರುವ ದೊಡ್ಡ ವಿಮಾನಗಳು ಬೆಟ್ಟಗಳ ನಡುವಿನ ಕಣಿವೆಯಲ್ಲಿ ತಿರುಗಿ ತಿರುಗಿ, ಓಡುದಾರಿಯನ್ನು ಕೊನೆಯ ಕೆಲವು ಕ್ಷಣಗಳಲ್ಲಷ್ಟೇ ಎದುರಿಗೆ ಕಂಡು ಇಳಿಯುತ್ತವೆ. ಅಲ್ಲಿ ಇಳಿಸಲು ವಿಶೇಷ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಮಾತ್ರ ಅನುಮತಿ. ಕಣ್ಣಿಗೆ ಬೆಟ್ಟ ಕಾಣದಿದ್ದರೆ ವಿಮಾನ ಬರುವುದಿಲ್ಲ. ಹಾಂಗ್‌ಕಾಂಗಿನ ಹಳೆಯ ಕೈ ಟಾಕ್ ನಿಲ್ದಾಣ 1998ರ ಜುಲೈಯಲ್ಲಿ ಮುಚ್ಚಿತು. ಅಲ್ಲಿ ಬೆಟ್ಟವೊಂದರ ಮೈಗೆ ಚದುರಂಗದ ಹಲಗೆಯಂತೆ ಚೌಕ ಚೌಕ ಬಣ್ಣ ಬಳಿದಿದ್ದರು. ಪೈಲಟ್ ನೇರ ಅದರತ್ತಲೇ ಹಾರಿಬಂದು, ಅದು ಸ್ಪಷ್ಟವಾಗಿ ಕಂಡೊಡನೆ ವಿಮಾನವನ್ನು ಬಲಕ್ಕೆ ವಾಲಿಸಿ, ಜನವಸತಿಯ ಮಹಡಿಗಳ ಮೇಲಿನಿಂದ ತಗ್ಗಿ ಸಮುದ್ರದೊಳಗೆ ಚಾಚಿದ ಓಡುದಾರಿಗೆ ಇಳಿಸಬೇಕಾಗಿತ್ತು. ಪೋರ್ಚುಗಲ್ಲಿನ ಮದೀರಾ ದ್ವೀಪದಲ್ಲಿ 1977ರ ನವೆಂಬರ್‌ನಲ್ಲಿ ಮಳೆಯ ರಾತ್ರಿಯೊಂದು ವಿಮಾನ ಗಿಡ್ಡ ಓಡುದಾರಿಯನ್ನು ದಾಟಿ ಕೆಳಗುರುಳಿ 131 ಮಂದಿ ಸತ್ತರು. ಬಳಿಕ ಆ ಜನ ಕಡಲ ಅಂಚಿನಲ್ಲಿ 180 ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಓಡುದಾರಿಯನ್ನು ಬೆಳೆಸಿದರು. 2000ದಲ್ಲಿ ಅದರ ಉದ್ದ 2,781 ಮೀಟರ್ ಆಯಿತು.

ಈ ಸ್ಥಳಗಳ ವಿವರ ಓದುವಾಗ ನನ್ನನ್ನು ಸೆಳೆದುದು ಅವುಗಳ ಭೀಕರತೆಗಿಂತ ಬೇರೊಂದು ಸಂಗತಿ. ಅಲ್ಲೆಲ್ಲ ಭಯವನ್ನು ಅಲ್ಲಗಳೆದಿಲ್ಲ, ಅದನ್ನು ನಿಯಮವಾಗಿ ಬರೆದಿಟ್ಟಿದ್ದಾರೆ. ಪಾರೊವಿನಲ್ಲಿ ಎಲ್ಲರೂ ಇಳಿಸಬಾರದು ಎನ್ನುವುದು, ಲುಕ್ಲಾದಲ್ಲಿ ಮೋಡ ಕವಿದರೆ ದಿನಗಟ್ಟಲೆ ಕಾಯಿರಿ ಎನ್ನುವುದು, ಮದೀರಾದಲ್ಲಿ ಕಂಬ ನೆಡುವುದು, ಇವೆಲ್ಲ ಅಂಜಿದ ಮನುಷ್ಯ ಕುಳಿತು ಆಲೋಚಿಸಿದ್ದರ ಫಲ.

ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಸಂತ ತೋಮಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣವನ್ನು ಚರ್ಚಿಸುವಲ್ಲಿ ಅದಕ್ಕೆ ವಿರುದ್ಧವಾದ ದೋಷಗಳನ್ನು ಎಣಿಸುತ್ತಾರೆ. ಅತಿಯಾದ ಅಂಜಿಕೆ ಅವುಗಳಲ್ಲೊಂದು, ಅದನ್ನು ಎಲ್ಲರೂ ಊಹಿಸಬಲ್ಲರು. ಅದರ ಮಗ್ಗುಲಲ್ಲೇ ಅವರು ಇನ್ನೊಂದನ್ನು ನಿಲ್ಲಿಸುತ್ತಾರೆ, ಅಂಜಬೇಕಾದುದಕ್ಕೂ ಅಂಜದಿರುವುದು. ಅಂಜಿಕೆಯಿಲ್ಲದಿರುವುದೂ ದೋಷವೇ! ಹಾಗೆ ಅಂಜದವನಲ್ಲಿ ಒಂದೋ ಪ್ರೀತಿಯ ಕೊರತೆ ಇರುತ್ತದೆ, ಇಲ್ಲವೇ ಅಹಂಕಾರವಿರುತ್ತದೆ, ಇಲ್ಲವೇ ಮಂದಬುದ್ಧಿ ಎಂಬುದು ಅವರ ವಾದದ ಸಾರ. ಕಳೆದುಕೊಳ್ಳಲು ಪ್ರಿಯವಾದುದೇನಾದರೂ ಇದ್ದವನು ತಾನೇ ಅಂಜುವುದು? ಅವರಿಗಿಂತ ಎಷ್ಟೋ ಶತಮಾನ ಹಿಂದೆ ಅರಿಸ್ಟಾಟಲನೂ ಭೂಕಂಪಕ್ಕೂ ಕಡಲ ಅಲೆಗಳಿಗೂ ಹೆದರದವನನ್ನು ವೀರನೆನ್ನದೆ ಹುಚ್ಚನ ಸಾಲಿಗೆ ಸೇರಿಸಿದ್ದ. ಅಂಜಿಕೆ ಮನುಷ್ಯನನ್ನು ಸಲಹೆ ಕೇಳುವಂತೆ ಮಾಡುತ್ತದೆ ಎಂಬ ಅವನ ಮಾತನ್ನು ಅಕ್ವಿನಾಸರು ಒಪ್ಪಿ ಎತ್ತಿಕೊಳ್ಳುತ್ತಾರೆ. ಪರೀಕ್ಷೆಗಾಗಿ ಈ ಭಾಗವನ್ನು ಉರು ಹೊಡೆದ ನಾವು, ಗುರುಗಳಾದ ಮೇಲೆ ಪ್ರಸಂಗಗಳಲ್ಲಿ ಅದನ್ನು ಹೇಳುವುದು ಕಡಿಮೆ. 'ಹೆದರಬೇಡಿ' ಎನ್ನುವುದು ಸುಲಭ. 'ಸರಿಯಾದುದಕ್ಕೆ ಹೆದರಿರಿ' ಎನ್ನಲು ಹೆಚ್ಚು ಹೊತ್ತು ಬೇಕು.

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರಿನ ಬಜ್ಪೆ ನಿಲ್ದಾಣವನ್ನು 1951ರ ಕ್ರಿಸ್ಮಸ್ ದಿನ ತೆರೆಯಲಾಯಿತು. ಪಂಡಿತ ನೆಹರೂ ಅಂದು ಅಲ್ಲಿಗೆ ವಿಮಾನದಲ್ಲಿ ಬಂದಿಳಿದರು. ಊರಿನವರು ಪದವು ಎಂದು ಕರೆಯುವ ಮುರಕಲ್ಲಿನ ಬೋಳುಗುಡ್ಡದ ನೆತ್ತಿಯ ಮೇಲೆ ಅದು ಕುಳಿತಿದೆ. ಓಡುದಾರಿಯ ಆಚೆಗೆ ನೆಲವಿಲ್ಲ, ಇಳಿಜಾರು. ಇಂಥವನ್ನು ಟೇಬಲ್‌ಟಾಪ್ ನಿಲ್ದಾಣಗಳೆನ್ನುತ್ತಾರೆ. ಕೇರಳದ ಕೋಯಿಕ್ಕೋಡಿನದೂ ಮಿಜೋರಾಮಿನ ಲೆಂಗ್‌ಪುಯಿಯದೂ ಇದೇ ಜಾತಿ. 2006ರಲ್ಲಿ ಬಜ್ಪೆಗೆ 2,450 ಮೀಟರ್ ಉದ್ದದ ಹೊಸ ಓಡುದಾರಿ ಬಂತು, ದುಬೈಯಿಂದ ನೇರ ವಿಮಾನವೂ ಬಂತು. ಮುಂಬಯಿಗೆ ಹೋಗಿ ಕಾದು ಸಾಮಾನು ಹೊತ್ತು ಬಸ್ಸು ಹಿಡಿಯುತ್ತಿದ್ದ ನಮ್ಮ ಕುಟುಂಬಗಳಿಗೆ ಅದೊಂದು ದೊಡ್ಡ ಉಪಕಾರವಾಯಿತು.

2010ರ ಮೇ 22, ಶನಿವಾರ. ದುಬೈಯಿಂದ 160 ಪ್ರಯಾಣಿಕರನ್ನೂ ಆರು ಸಿಬ್ಬಂದಿಯನ್ನೂ ಹೊತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತಿನಲ್ಲಿ ಇಳಿಯಿತು, ನಿಲ್ಲಲಿಲ್ಲ. ಓಡುದಾರಿಯನ್ನು ದಾಟಿ ಕೆಂಜಾರಿನ ಕೊರಕಲಿಗೆ ಉರುಳಿ ಹೊತ್ತಿಕೊಂಡಿತು. 158 ಮಂದಿ ಹೋದರು, ಎಂಟು ಮಂದಿ ಉಳಿದರು. ರಜೆಗೆ ಬರುತ್ತಿದ್ದವರು, ಮದುವೆಗೆ ಬರುತ್ತಿದ್ದವರು, ಮಕ್ಕಳು. ಆ ದಿನವನ್ನು ಕಂಡ ಧರ್ಮಕೇಂದ್ರಗಳಿಗೂ ಮಸೀದಿಗಳಿಗೂ ದೇವಸ್ಥಾನಗಳಿಗೂ ಅದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಬಳಿಕ ಎಲ್ಲರೂ ಗುಡ್ಡವನ್ನು ಬೈದರು, ಓಡುದಾರಿಯನ್ನು ಬೈದರು. ಗುಡ್ಡ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಕಣಿವೆ ಇಲ್ಲದಿದ್ದರೆ ಇಷ್ಟು ಜೀವ ಹೋಗುತ್ತಿರಲಿಲ್ಲವೇನೋ. ಆದರೆ ಸರಕಾರ ನೇಮಿಸಿದ ವಿಚಾರಣಾ ನ್ಯಾಯಾಲಯದ ವರದಿಯನ್ನು ಓದಿದರೆ ಮನಸ್ಸು ಬೇರೆಲ್ಲೋ ಹೋಗಿ ತಂಗುತ್ತದೆ. ಆ ಬೆಳಗ್ಗೆ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ಓಡುದಾರಿ ಕಣ್ಣಿಗೆ ಕಾಣುತ್ತಿತ್ತು, ವಿಮಾನದಲ್ಲಿ ದೋಷವಿರಲಿಲ್ಲ. ರಾತ್ರಿಯ ಆ ಹಾರಾಟದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದರು. ಎಚ್ಚೆತ್ತ ಮೇಲೂ ನಿದ್ರೆಯ ಮಂಪರು ಪೂರ್ತಿ ಇಳಿದಿರಲಿಲ್ಲವೆಂದು ವರದಿ ಹೇಳುತ್ತದೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು, ವೇಗವೂ ಹೆಚ್ಚಾಗಿತ್ತು. ಇಳಿಯಬಾರದ ಸ್ಥಿತಿ. ಆಗ ಮಾಡಬೇಕಾದುದು ಒಂದೇ. ಇಳಿಯುವುದನ್ನು ಕೈಬಿಟ್ಟು, ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಹೊಸದಾಗಿ ಬರುವುದು. ಅದಕ್ಕೆ ವೈಮಾನಿಕರ ಭಾಷೆಯಲ್ಲಿ 'ಗೋ ಅರೌಂಡ್' ಎಂದು ಹೆಸರು. ಸಹಪೈಲಟ್ ಅದನ್ನು ಹೇಳಿದರು. ಒಂದು ಸಲವಲ್ಲ, ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿದರು. ಎಂಟು ಸಾವಿರ ಅಡಿಯ ಓಡುದಾರಿಯಲ್ಲಿ ಚಕ್ರಗಳು ನಿಶ್ಚಿತವಾಗಿ ನೆಲ ಹಿಡಿದಾಗ ಸುಮಾರು 5,200 ಅಡಿ ಹಿಂದೆ ಸರಿದಾಗಿತ್ತು.

ಸಹಪೈಲಟ್ ತಾವೇ ಚಾಲನೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲವೇಕೆ? ವರದಿ ಅದಕ್ಕೂ ಒಂದು ಕಾರಣವನ್ನು ಊಹಿಸುತ್ತದೆ. ಕ್ಯಾಪ್ಟನ್ ಕೇಳದಿದ್ದರೆ ಕಿರಿಯನು ಮುಂದೇನು ಮಾಡಬಹುದೆಂಬ ಬಗ್ಗೆ ನಿಯಮಗಳು ಅಸ್ಪಷ್ಟವಾಗಿದ್ದವು. ಹೇಳುವ ಹಕ್ಕು ಇತ್ತು, ಮಾಡುವ ಹಕ್ಕು ಇದೆಯೋ ಇಲ್ಲವೋ ಎಂಬುದು ಖಚಿತವಿರಲಿಲ್ಲ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಸಂಜೆ, ಕೊರೋನಾ ಕಾಲದಲ್ಲಿ ಊರಿಗೆ ಮರಳುತ್ತಿದ್ದವರನ್ನು ಹೊತ್ತು ದುಬೈಯಿಂದ ಬಂದ ಅದೇ ಸಂಸ್ಥೆಯ ವಿಮಾನ ಕೋಯಿಕ್ಕೋಡಿನ ಗುಡ್ಡದ ಮೇಲೆ ಇಳಿಯಿತು. ಜೋರು ಮಳೆ, ಬೆನ್ನ ಹಿಂದಿನ ಗಾಳಿ. 190 ಮಂದಿಯಲ್ಲಿ 21 ಮಂದಿ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ. ಮರುವರ್ಷ ಬಂದ ವರದಿಯನ್ನು ಓದಿದಾಗ, ಇದನ್ನು ಹಿಂದೆಯೇ ಓದಿದ್ದೆನಲ್ಲಾ ಎನ್ನಿಸಿತು. ಅಲ್ಲಿಯೂ ವಿಮಾನ ಓಡುದಾರಿಯ ಅರ್ಧದಷ್ಟು ಮುಂದೆ ಹೋಗಿ ನೆಲ ಮುಟ್ಟಿತ್ತು. ಅಲ್ಲಿಯೂ ಸಹಪೈಲಟ್ 'ಗೋ ಅರೌಂಡ್' ಎಂದಿದ್ದರು. ಅಲ್ಲಿಯೂ ಕ್ಯಾಪ್ಟನ್ ಕೇಳಲಿಲ್ಲ, ಕಿರಿಯರು ಚಾಲನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಕ್ಯಾಪ್ಟನ್ ಅನನುಭವಿಯಲ್ಲ, ವಾಯುಸೇನೆಯಲ್ಲಿ ಹೆಸರು ಗಳಿಸಿ ಬಂದವರು. ಮರುದಿನ ಬೆಳಗ್ಗೆ ಅದೇ ಊರಿನಿಂದ ಹೊರಡುವ ವಿಮಾನವನ್ನೂ ಅವರೇ ನಡೆಸಬೇಕಾಗಿತ್ತು. ಹೇಗಾದರೂ ಇಲ್ಲಿಯೇ ಇಳಿಯಬೇಕೆಂಬ ಹಂಬಲ ಅದರಿಂದ ಬಂದಿರಬೇಕೆಂದು ವರದಿ ಎಣಿಸುತ್ತದೆ. ಕರ್ತವ್ಯನಿಷ್ಠೆಯೂ ಕೆಲವೊಮ್ಮೆ ಮನುಷ್ಯನ ಕಿವಿ ಮುಚ್ಚುತ್ತದೆ.

ಮೃತರ ಆತ್ಮಗಳಿಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ನಾಲ್ವರಿಗಾಗಿಯೂ ಪ್ರಾರ್ಥಿಸಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಮೂರು ಮಾತುಗಳು ನನ್ನನ್ನು ಬಿಡುವುದಿಲ್ಲ. ಒಂದು ಚಿಕ್ಕ ಕೋಣೆ, ಕೈಗೆಟಕುವ ದೂರದಲ್ಲಿ ಇಬ್ಬರು. ಒಬ್ಬರಿಗೆ ಕಾಣುತ್ತಿದೆ, ಇನ್ನೊಬ್ಬರಿಗೆ ಕಾಣುತ್ತಿಲ್ಲ. ಕಂಡವರು ಹೇಳುತ್ತಾರೆ. ಹೇಳಿ, ಹಿರಿಯರ ಕೈಯತ್ತ ನೋಡುತ್ತಾರೆ. ಹಿಂದೆ ನೂರಾರು ಜನ ನಿದ್ದೆಗಣ್ಣಿನಲ್ಲಿ ಸೊಂಟಪಟ್ಟಿ ಬಿಗಿದುಕೊಂಡು, ಹೊರಗೆ ಕಾದಿರುವ ಮನೆಯವರನ್ನು ನೆನೆಯುತ್ತಿದ್ದಾರೆ.

ಇದು ನಮ್ಮ ದೇಶದ ವಿಧೇಯತೆಯ ದೋಷ ಎಂದು ಕೆಲವರು ಹೇಳಿದ್ದುಂಟು. ಒಪ್ಪಲಾರೆ. ವಿಮಾನಗಳ ಚರಿತ್ರೆಯಲ್ಲೇ ಅತಿ ದೊಡ್ಡ ಅಪಘಾತ 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ತೆನೆರಿಫೆ ದ್ವೀಪದಲ್ಲಿ, ಮಂಜು ಕವಿದ ನೆಲದ ಮೇಲೆ ನಡೆಯಿತು. ಹಾಲೆಂಡಿನ ಕೆ.ಎಲ್.ಎಂ. ವಿಮಾನ ಅನುಮತಿ ಸಿಗುವ ಮೊದಲೇ ಓಡತೊಡಗಿ, ಎದುರಿಗಿದ್ದ ಅಮೆರಿಕದ ವಿಮಾನಕ್ಕೆ ಅಪ್ಪಳಿಸಿತು. 583 ಜೀವಗಳು ಹೋದವು. ಆ ವಿಮಾನದ ಎಂಜಿನಿಯರ್, ಎದುರಿನ ವಿಮಾನ ಓಡುದಾರಿಯಿಂದ ಇನ್ನೂ ಸರಿದಿಲ್ಲವೇನೋ ಎಂಬ ಅನುಮಾನವನ್ನು ಬಾಯಿಬಿಟ್ಟು ಕೇಳಿದ್ದರು. ಕ್ಯಾಪ್ಟನ್ ಸಂಸ್ಥೆಯಲ್ಲೇ ಅತಿ ಗೌರವಾನ್ವಿತರು. ಸರಿದಿದೆ ಎಂದು ಖಂಡಿತವಾಗಿ ನುಡಿದರು, ಅನುಮಾನ ಅಲ್ಲಿಗೆ ಬಾಯಿ ಮುಚ್ಚಿತು. ಅದರ ಬಳಿಕವೇ ಲೋಕದ ವಿಮಾನ ಸಂಸ್ಥೆಗಳು ಒಂದು ಹೊಸ ಪಾಠವನ್ನು ತೊಡಗಿದವು. ಕಿರಿಯನು ಹೇಗೆ ಹೇಳಬೇಕು, ಹಿರಿಯನು ಹೇಗೆ ಕೇಳಬೇಕು ಎಂಬುದನ್ನು ವಯಸ್ಸಾದ ಕ್ಯಾಪ್ಟನ್‌ಗಳನ್ನೂ ಬೆಂಚಿನ ಮೇಲೆ ಕೂರಿಸಿ ಕಲಿಸುವ ಪಾಠ.

ಆ ಪಾಠ ನಮ್ಮ ಮನೆಗಳಿಗೆ ಎಂದು ಬರುತ್ತದೋ! ತಂದೆ ಎರಡನೆಯ ಸಾಲಕ್ಕೆ ಸಹಿ ಹಾಕುವುದನ್ನು ಮಗ ಕಾಣುತ್ತಾನೆ. 'ಅಪ್ಪಾ, ಬೇಡವೇನೋ' ಎಂದು ಬಾಗಿಲ ಬಳಿ ನಿಂತು ಹೇಳುತ್ತಾನೆ. 'ನಿನಗೇನು ಗೊತ್ತು' ಎಂಬ ಉತ್ತರ ಬರುತ್ತದೆ. ಮಗಳಿಗೆ ನಿಶ್ಚಯವಾದ ಹುಡುಗನ ಕುಡಿತದ ಸಂಗತಿ ಚಿಕ್ಕಮ್ಮನಿಗೆ ಗೊತ್ತಿರುತ್ತದೆ. ಒಂದು ಸಲ ಸೂಚಿಸುತ್ತಾಳೆ. ಹಾಲ್ ಗೊತ್ತು ಮಾಡಿಯಾಗಿದೆ, ಕಾಗದ ಅಚ್ಚಾಗಿದೆ, ಇನ್ನು ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ. ಧರ್ಮಕೇಂದ್ರದ ಸಭೆಗಳಲ್ಲಿ ಗುರುಗಳು ಒಂದು ಕಟ್ಟಡದ ಯೋಜನೆ ಮುಂದಿಟ್ಟಾಗ ಲೆಕ್ಕ ಬಲ್ಲ ಸದಸ್ಯರೊಬ್ಬರು ಕೆಮ್ಮುತ್ತಾರೆ, ಅಷ್ಟೆ. ಹೊರಗೆ ಬಂದು ಬೈಕ್ ಹತ್ತುವಾಗ ಪಕ್ಕದವರಿಗೆ ಹೇಳುತ್ತಾರೆ. ನಾವು ಗುರುಗಳು ಆ ಕೆಮ್ಮನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಹೇಳಿದವರು ಗೌರವ ಮೀರಬಾರದೆಂದು ಮೆಲ್ಲಗೆ ಹೇಳಿದರು. ಕೇಳಿದವರು ಗುರಿ ಹತ್ತಿರ ಬಂದಿದೆ, ಇನ್ನೇನು ಮುಟ್ಟಿಬಿಡುತ್ತೇವೆ ಎಂದುಕೊಂಡರು.

ಹಿರಿಯರಿಗೆ ಗೌರವ ಕೊಡುವುದು ನಮ್ಮ ದೊಡ್ಡ ಸಂಪತ್ತು, ಅದನ್ನು ಕಡಿಮೆ ಮಾಡಿ ಎಂದು ನಾನು ಹೇಳುವವನಲ್ಲ. ಆದರೆ ಅದರ ಹೊರೆ ಯಾರ ಹೆಗಲ ಮೇಲಿರಬೇಕೆಂಬ ಪ್ರಶ್ನೆಯನ್ನು ಕೇಳದೆ ಬಿಡಲಾಗುವುದಿಲ್ಲ. ಕಿರಿಯನು ಧೈರ್ಯ ತಂದುಕೊಳ್ಳಲಿ ಎನ್ನುವುದು ಅರ್ಧ ನ್ಯಾಯ. ಯಾರ ಕೈಯಲ್ಲಿ ಪರರ ಪ್ರಾಣವಿದೆಯೋ ಅವನು ತನ್ನನ್ನು ಯಾರಾದರೂ ಸುಲಭವಾಗಿ ತಡೆಯುವಂತೆ ಇರಬೇಕಾಗುತ್ತದೆ. ಶುಭಸಂದೇಶದ ಬಿರುಗಾಳಿಯ ಪ್ರಸಂಗವನ್ನು ನೆನೆಯಿರಿ. ಪ್ರಭು ಯೇಸು ದೋಣಿಯ ಹಿಂಭಾಗದಲ್ಲಿ ಮಲಗಿದ್ದಾರೆ, ದೋಣಿಗೆ ನೀರು ತುಂಬುತ್ತಿದೆ. ಶಿಷ್ಯರು ಅವರನ್ನು ಎಬ್ಬಿಸಿದರು, ಅದೂ ಸಾಕಷ್ಟು ಒರಟಾಗಿ, ದೂರುವ ದನಿಯಲ್ಲಿ. ಅವರ ವಿಶ್ವಾಸ ಎಳೆಯದೆಂದು ಪ್ರಭು ಆಮೇಲೆ ಗದರಿದ್ದನ್ನು ನಾವು ಪದೇ ಪದೇ ಹೇಳುತ್ತೇವೆ. ಗದರಿಕೆಗೆ ಮೊದಲು ಅವರು ಎದ್ದು, ಗಾಳಿಯನ್ನು ಸುಮ್ಮನಾಗಿಸಿದರು ಎಂದು ಮಾರ್ಕನು ಬರೆದಿಟ್ಟ ಕ್ರಮವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹೆದರಿದವರು ಕರೆದಾಗ ಅವರು ಎದ್ದರು. ತಾವು ಸ್ವತಃ ಗೆತ್ಸೆಮನಿ ತೋಟದಲ್ಲಿ ದಿಗಿಲುಗೊಂಡಾಗ ಅದನ್ನು ಶಿಷ್ಯರಿಂದ ಮರೆಮಾಚಲೂ ಇಲ್ಲ. ಅಂಜಿಕೆ ಅವಿಶ್ವಾಸವಾಗಿದ್ದರೆ ಆ ರಾತ್ರಿಯನ್ನು ನಾವು ಏನೆಂದು ಓದಬೇಕು?

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ, ಗೆತ್ಸೆಮನಿಯ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೆದರಿಕೊಂಡೇ ಹೋಗಬಹುದಾ?" ಎಂದರು. ಹೋಗಬಹುದು ಎಂದೆ. ಹೋದರು. ಇಡೀ ದಾರಿ ಪಕ್ಕದ ಆಸನದ ಅಪರಿಚಿತ ಹುಡುಗಿಯ ಕೈ ಹಿಡಿದುಕೊಂಡಿದ್ದರಂತೆ. ಮಾಪಿಳ್ಳೆ ಹುಡುಗಿ, ಅವಳಿಗೂ ಅದೇ ಮೊದಲ ಪ್ರಯಾಣ. ಭಯ ಹೋಯಿತೇ ಎಂದು ಬಂದ ಮೇಲೆ ಕೇಳಿದೆ. "ಇಲ್ಲ ಫಾದರ್, ಅದು ಅಲ್ಲೇ ಇತ್ತು. ಮಗುವನ್ನು ನೋಡಿದೆ" ಎಂದರು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಪೈಲಟ್‌ನ ಭಯದಿಂದ ಉಪಯೋಗವುಂಟು, ಅವನ ಕೈಯಲ್ಲಿ ಸನ್ನೆಕೋಲಿದೆ. ಹಿಂದೆ ಕುಳಿತ ಪ್ರಯಾಣಿಕನ ಭಯದಿಂದ ಯಾರಿಗೆ ಏನು? ಒಪ್ಪುತ್ತೇನೆ, ವಿಮಾನ ಅದರಿಂದ ಒಂದಂಗುಲವೂ ನೆಟ್ಟಗಾಗುವುದಿಲ್ಲ. ಅವನು ಮಾಡಬಹುದಾದುದು ಬಹಳ ಸ್ವಲ್ಪ. ಪಟ್ಟಿ ಕಟ್ಟಿಕೊಳ್ಳಬಹುದು, ತುರ್ತು ಬಾಗಿಲು ಎಷ್ಟು ಸಾಲು ಹಿಂದಿದೆಯೆಂದು ಎಣಿಸಿಕೊಳ್ಳಬಹುದು. ಉಳಿದುದು ಒಪ್ಪಿಸಿಬಿಡುವುದು. ನಂಬಿಕೆಯೆಂದರೆ ಖಾತ್ರಿಯಲ್ಲ. ಖಾತ್ರಿ ಇದ್ದಲ್ಲಿ ನಂಬಿಕೆಗೆ ಕೆಲಸವೇ ಇಲ್ಲ. ಮದುವೆಯ ಪೀಠದ ಮುಂದೆ ನಿಂತ ಇಬ್ಬರಿಗೂ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನಿಗೂ ಇದು ತಿಳಿದಿದೆ. ವಿಮಾನ ನೆಲಬಿಡುವಾಗ ಒಂದು ವೇಗವಿರುತ್ತದೆ. ಆ ವೇಗ ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ನಿಲ್ಲಿಸಬಾರದು, ಹಾರಿಯೇ ತೀರಬೇಕು, ಏಕೆಂದರೆ ನಿಲ್ಲಲು ನೆಲ ಉಳಿದಿರುವುದಿಲ್ಲ. ಅದನ್ನು ಪ್ರತಿ ಹಾರಾಟಕ್ಕೂ ಮೊದಲೇ ಲೆಕ್ಕಹಾಕಿಟ್ಟಿರುತ್ತಾರೆ. ಅನುಮಾನಿಸುವುದಿದ್ದರೆ ಅದಕ್ಕಿಂತ ಮೊದಲು ಮನಸ್ಸು ಬಿಚ್ಚಿ ಅನುಮಾನಿಸಬೇಕು, ಆಮೇಲೆ ಕೈ ನಡುಗಿದರೂ ಏರುತ್ತಲೇ ಹೋಗಬೇಕು.

ಪ್ರಸಂಗವಶಾತ್ ಒಂದು ಮಾತು. ಪೋಪ್ ಹದಿನೈದನೆಯ ಬೆನೆಡಿಕ್ಟರು 1920ರಲ್ಲಿ ಲೊರೆಟ್ಟೊ ಮಾತೆಯನ್ನು ವಿಮಾನ ಚಾಲಕರ ಮತ್ತು ಪ್ರಯಾಣಿಕರ ಪಾಲಕಿಯಾಗಿ ಘೋಷಿಸಿದರು. ನಜರೇತಿನ ಪುಟ್ಟ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಯ ಲೊರೆಟ್ಟೊ ಊರಿಗೆ ಹೊತ್ತು ತಂದರೆಂಬ ಹಳೆಯ ಐತಿಹ್ಯ ಅದಕ್ಕೆ ಕಾರಣ. ಬಂಟ್ವಾಳದ ಕಡೆಯವರಿಗೆ ಲೊರೆಟ್ಟೊ ಎಂಬ ಹೆಸರು ಅಪರಿಚಿತವಲ್ಲ. ಆ ಐತಿಹ್ಯದ ಚಾರಿತ್ರಿಕತೆಯನ್ನು ವಿದ್ವಾಂಸರು ಚರ್ಚಿಸಲಿ. ಹಾರಿ ಹೋದದ್ದು ಒಂದು ಮನೆ ಎಂಬುದು ನನಗೆ ಹಿಡಿಸುತ್ತದೆ. ಕೊಲ್ಲಿಗೆ ಹೋಗುವ ನಮ್ಮ ಮಕ್ಕಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಕೊರಿ ರೊಟ್ಟಿ, ಅಜ್ಜಿಯ ಜಪಮಾಲೆ ಎಲ್ಲ ಇರುವುದನ್ನು ಕಂಡವರು, ಮನೆಗಳು ಹಾರುವುದಿಲ್ಲವೆಂದು ಹೇಗೆ ಹೇಳಿಯಾರು?

ಇನ್ನು ಆ 'ಗೋ ಅರೌಂಡ್' ಬಗ್ಗೆ ಕೊನೆಯ ಮಾತು. ಅನೇಕ ವಿಮಾನ ಸಂಸ್ಥೆಗಳಲ್ಲಿ ಈಗ, ಇಳಿಯದೆ ಮೇಲೇರಿದ ಪೈಲಟ್‌ನನ್ನು ಏಕೆ ಹೀಗೆ ಮಾಡಿದೆ ಎಂದು ದಂಡಿಸುವಂತಿಲ್ಲ. ಇಂಧನ ವ್ಯರ್ಥವಾಯಿತು, ವೇಳಾಪಟ್ಟಿ ತಪ್ಪಿತು ಎಂಬ ಲೆಕ್ಕವನ್ನು ಅವನ ತಲೆಗೆ ಕಟ್ಟುವಂತಿಲ್ಲ. ಇಬ್ಬರಲ್ಲಿ ಯಾರೇ ಆ ಮಾತು ಹೇಳಿದರೂ ಸಾಕು, ಇಬ್ಬರೂ ಕೂಡಿ ಮೇಲೇರಬೇಕು, ಚರ್ಚೆ ಆಮೇಲೆ. ಪಾಪನಿವೇದನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಈ ನಿಯಮ ಬಹಳ ಆಪ್ತವಾಗಿ ಕಾಣುತ್ತದೆ. ತಪ್ಪು ದಾರಿಯಲ್ಲಿ ಇಳಿಯುತ್ತಿದ್ದವನು ಮತ್ತೆ ಮೇಲೆದ್ದನೆಂದರೆ, ಅವನನ್ನು ಮೊದಲು ಏರಗೊಡಬೇಕು.

ನಿಮ್ಮಲ್ಲಿ ಕೆಲವರು ಮಳೆಗಾಲದ ಬಜ್ಪೆಯಲ್ಲಿ ಇದನ್ನು ಅನುಭವಿಸಿರಬಹುದು. ದೀಪಗಳು ಕಾಣುತ್ತವೆ, ಗುಡ್ಡದ ಅಂಚು ಕಾಣುತ್ತದೆ, ಇನ್ನೇನು ಚಕ್ರ ನೆಲ ಮುಟ್ಟಬೇಕು. ಅಷ್ಟರಲ್ಲಿ ಎಂಜಿನ್ ಅಬ್ಬರಿಸಿ, ಬೆನ್ನು ಆಸನಕ್ಕೆ ಒತ್ತಿ, ವಿಮಾನ ಮೂತಿಯೆತ್ತಿ ಮೋಡದೊಳಗೆ ನುಗ್ಗುತ್ತದೆ. ಒಳಗೆ ಒಂದೇ ಕ್ಷಣ ಮೌನ, ಬಳಿಕ ಗುಜುಗುಜು. ಯಾರೋ ಅಳುತ್ತಾರೆ, ಯಾರೋ ಸಿಟ್ಟಾಗುತ್ತಾರೆ. ಅರ್ಧ ಗಂಟೆ ತಡವಾಗಿ, ಬೆವರಿದ ಅಂಗಿಯಲ್ಲಿ ಸಾಮಾನಿನ ಗಾಡಿ ತಳ್ಳಿಕೊಂಡು ಹೊರಬಂದರೆ, ಬೇಲಿಯಾಚೆ ಕೊಡೆ ಹಿಡಿದು ನಿಂತ ಮನೆಯವರು, ಪೈಲಟ್‌ಗೆ ಇಳಿಸಲು ಬರುವುದಿಲ್ಲವೇನೋ, ಎಷ್ಟು ಹೊತ್ತು ಕಾಯಿಸಿದ ಎಂದು ಗೊಣಗುತ್ತ ಪೆಟ್ಟಿಗೆಗೆ ಕೈಹಾಕುತ್ತಾರೆ.